ಗೊರವಂಕ ಸಿಕ್ಕಿಸಿದ ಬೇವಿನೆಲೆ

ಆಲದ ಮರದಲ್ಲಿ ಗೊರವಂಕವೊಂದು ದಿನಕ್ಕೊಂದು ಕಂತಿನಂತೆ ಹಕ್ಕಿಗಳಿಗೆ ಕಥೆ ಹೇಳುತ್ತಿತ್ತು. ಹಾವಿನ ಕಂತು ಬಂದ ದಿನ, ಕಥೆಗೆ ಬಾಯಿ ತೆರೆಯುವ ಮೊದಲೇ ಕೊಂಬೆಗೆ ಬೇವಿನೆಲೆ ಸಿಕ್ಕಿಸಿ, "ಇವತ್ತಿನ ಕಥೆಯಲ್ಲಿ ಹಾವು ಬರುತ್ತದೆ" ಎಂದು ಸಾರಿತು. ಹಿಂದೊಮ್ಮೆ ಮೊಟ್ಟೆಗಳೆಲ್ಲ ಹಾವಿನ ಪಾಲಾಗಿದ್ದ ಗುಬ್ಬಿ ಎದ್ದು ಹೋಯಿತು.

"ಗುಟ್ಟು ಬಿಟ್ಟುಕೊಟ್ಟೆ. ಇನ್ನು ಯಾರು ಕೇಳುತ್ತಾರೆ?" ಎಂದಿತು ಕಾಗೆ.

"ಹಾವು ಬರುತ್ತದೆ ಎಂದೆ. ಗೆಲ್ಲುವುದು ಯಾರೆಂದು ಹೇಳಿದೆನೇ?" ಎಂದಿತು ಗೊರವಂಕ. ಕಥೆ ಮುಗಿಯುವವರೆಗೆ ಕಾಗೆಯೂ ಕದಲಲಿಲ್ಲ.

ಮರುದಿನ ಕೊಂಬೆಯಲ್ಲಿ ಎಲೆಯಿರಲಿಲ್ಲ. ಗುಬ್ಬಿ ತನ್ನ ಹೊಸ ಮರಿಗಳನ್ನೂ ಕರೆತಂದು ಎಲ್ಲರಿಗಿಂತ ಮುಂದೆ ಕೂತಿತು.

"ನಿನ್ನೆ ಹೆದರಿ ಹೋದವಳು ಇವತ್ತು ಮರಿಗಳ ಸಮೇತ ಬಂದೆಯಲ್ಲ?" ಎಂದಿತು ಕಾಗೆ.

"ನಿನ್ನೆ ಗೊರವಂಕ ಎಲೆ ಸಿಕ್ಕಿಸಿತ್ತಲ್ಲ, ಅದಕ್ಕೇ ಇವತ್ತು ಬರಿಯ ಕೊಂಬೆಯನ್ನು ನಂಬಿ ಬಂದೆ" ಎಂದಿತು ಗುಬ್ಬಿ.