ಉತ್ತರಕ್ಕೆ ತಲೆ ಹಾಕಿದ ಸೂಜಿ

ಒಂದಾನೊಂದು ಊರಿನಲ್ಲಿ ದಿಂಬರಾಯನೆಂಬ ರಾಜನಿದ್ದ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರೆ. ದಿಂಬರಾಯ ಅದನ್ನು ಕಾನೂನು ಮಾಡಿದ. ಜನ, ದನ, ಒನಕೆ, ಸೌಟು, ಯಾರೇ ತಪ್ಪಿದರೂ ತಲೆದಂಡ.

ಆ ಊರಿನಲ್ಲಿ ಕೌದಿ ಹೊಲಿಯುವ ತಿಪ್ಪವ್ವ ಇದ್ದಳು. ಅವಳಿಗೆ ಇದ್ದದ್ದು ಒಂದೇ ಸೂಜಿ. ಕಳೆದುಹೋಗದಿರಲಿ ಎಂದು ಅದನ್ನು ಸೂಜಿಗಲ್ಲಿಗೆ ಅಂಟಿಸಿ ಇಡುತ್ತಿದ್ದಳು. ಅವಳ ಮಗಳು ಹೆತ್ತು ಹನ್ನೆರಡು ದಿನವಾಗಿತ್ತು. ಅಜ್ಜಿಯ ಕೌದಿ ಮುಗಿಯದೆ ಕೂಸನ್ನು ತೊಟ್ಟಿಲಿಗೆ ಹಾಕುವ ಪದ್ಧತಿ ಇರಲಿಲ್ಲ. ಹನ್ನೆರಡು ದಿನದಿಂದ ಕೂಸು ತಾಯಿಯ ತೊಡೆಯಿಂದ ಇಳಿದಿರಲಿಲ್ಲ.

"ಯವ್ವಾ, ಕಾಲು ನಂದು ಅನ್ನೋದೇ ಮರೆತೈತಿ," ಎಂದಳು ಮಗಳು.

"ಇನ್ನೊಂದು ಗೇಣು ಉಳಿದೈತಿ, ತಡಿ."

ಅಷ್ಟರಲ್ಲಿ ಸೂಜಿ ಕೈಜಾರಿತು. ನೀರಿನ ಹರಿವಾಣದಲ್ಲಿ ಒಂದು ಎಲೆ ತೇಲುತ್ತಿತ್ತು. ಸೂಜಿ ಅದರ ಮೇಲೆ ಬಿತ್ತು. ಮೆಲ್ಲಗೆ ತಿರುಗಿತು. ಉತ್ತರಕ್ಕೆ ತಲೆ ಹಾಕಿ ಮಲಗಿತು. ಕಾವಲುಗಾರ ಅದನ್ನು ಕಂಡು ರಾಜನನ್ನು ಕರೆತಂದ.

ರಾಜ ಸೂಜಿಯನ್ನು ಪೂರ್ವಕ್ಕೆ ತಿರುಗಿಸಿದ. ಅದು ಉತ್ತರಕ್ಕೆ ಬಂತು. ಪಶ್ಚಿಮಕ್ಕೆ ತಿರುಗಿಸಿದ. ಉತ್ತರಕ್ಕೆ ಬಂತು.

"ಯಾಕೆ ಹೀಗೆ?"

"ಬೇರೆ ಕಡೆ ನಿದ್ದೆ ಹತ್ತುವುದಿಲ್ಲ, ಮಹಾಪ್ರಭು," ಎಂದಿತು ಸೂಜಿ.

ತಲೆದಂಡವಾಯಿತು. ಕಮ್ಮಾರ ಮೌನೇಶ ಸೂಜಿಯ ನಡುವೆ ಚಾಣ ಇಟ್ಟು ಕತ್ತರಿಸಿದ. ತಲೆಯ ತುಂಡು ಉತ್ತರಕ್ಕೆ ತಲೆ ಹಾಕಿತು. ಮುಂಡದ ತುಂಡಿಗೂ ಒಂದು ತಲೆ ಹುಟ್ಟಿ ಅದೂ ಉತ್ತರಕ್ಕೆ ತಲೆ ಹಾಕಿತು. ಎರಡನ್ನೂ ಕತ್ತರಿಸಿದರು. ನಾಲ್ಕಾದವು. ನಾಲ್ಕೂ ಉತ್ತರಕ್ಕೇ.

"ನಿಲ್ಲಿಸಿ ಪ್ರಭು," ಎಂದ ಮಂತ್ರಿ. "ಇನ್ನು ಹತ್ತು ಸಲ ಹೀಗೇ ಕತ್ತರಿಸಿದರೆ ಇವರು ನಮ್ಮ ಸೈನ್ಯಕ್ಕಿಂತ ಹೆಚ್ಚಾಗುತ್ತಾರೆ."

ನಾಲ್ಕು ಅಪರಾಧಿಗಳಿಗಿಂತ ಒಬ್ಬನೇ ವಾಸಿ ಎಂದು ರಾಜ ತೀರ್ಮಾನಿಸಿದ. ಮೌನೇಶ ತುಂಡುಗಳನ್ನು ಕುಲುಮೆಗೆ ಹಾಕಿದ. ಕೆಂಪಗೆ ಕಾದಾಗ ಅವು ಉತ್ತರವನ್ನು ಪೂರ್ತಿ ಮರೆತವು. ರಾಜ ಹರ್ಷದಿಂದ ಕ್ಷಮೆ ಘೋಷಿಸಿದ. ಮೌನೇಶ ತುಂಡುಗಳನ್ನು ಬೆಸೆದು ಬಡಿದ. ತಣ್ಣಗಾಗುತ್ತ ಬಡಿಸಿಕೊಂಡ ಸೂಜಿಗೆ ಮತ್ತೆ ಉತ್ತರ ನೆನಪಾಯಿತು.

"ಇನ್ನೊಮ್ಮೆ ಮಲಗಿದರೆ ಕರಗಿಸಿ ಗುದ್ದಲಿ ಮಾಡಿಸುತ್ತೇನೆ," ಎಂದ ರಾಜ.

"ಮಲಗಾಕ ಬಿಟ್ಟರ ತಾನೇ ದೊರಿ?" ಎಂದು ತಿಪ್ಪವ್ವ ಸೂಜಿಯನ್ನು ಕಿತ್ತುಕೊಂಡು ಹೊಲಿಯತೊಡಗಿದಳು.

ಹೊಲಿಗೆ ನಿಂತರೆ ಸೂಜಿ ಮಲಗುತ್ತದೆ. ಹೊಲಿಗೆ ನಿಲ್ಲದಿದ್ದರೆ ಕೌದಿ ಮುಗಿಯುವುದಿಲ್ಲ. ಕೌದಿ ಮುಗಿಯದೆ ಕೂಸು ಇಳಿಯುವುದಿಲ್ಲ. ತಿಪ್ಪವ್ವ ಹೊಲಿದಳು. ಕೌದಿ ಮನೆಯನ್ನು ಮುಚ್ಚಿತು. ಓಣಿಯನ್ನು ಮುಚ್ಚಿತು. ಅರಮನೆಯನ್ನೂ ಮುಚ್ಚಿತು. ಕೆಳಗೆ ಕತ್ತಲಾಯಿತು. ಸೂರ್ಯ ಕಾಣದೆ ಯಾವ ದಿಕ್ಕು ಯಾವುದೆಂದು ಯಾರಿಗೂ ತಿಳಿಯಲಿಲ್ಲ. ತಪ್ಪಿ ಉತ್ತರಕ್ಕೆ ತಲೆ ಹಾಕಿಬಿಟ್ಟರೆ? ಊರೆಲ್ಲ ನಿಂತೇ ಇತ್ತು. ರಾಜನೂ ನಿಂತಿದ್ದ. ಮೂರನೆಯ ದಿನ ಅವನು ತಡವರಿಸುತ್ತ ಬಂದ.

"ತಿಪ್ಪವ್ವಾ, ಉತ್ತರ ಯಾವ ಕಡೆ?"

"ನನಗೇನ್ ಗೊತ್ರಿ. ಗೊತ್ತಿರೋದು ಸೂಜಿಗೆ. ಅದು ಮಲಗಿದರ ಹೇಳತೈತಿ."

ರಾಜ ಆಕಳಿಸಿದ. "ಮಲಗಲಿ," ಎಂದ.

ತಿಪ್ಪವ್ವ ಗಂಟು ಹಾಕಿ ದಾರ ಕಡಿದಳು. ಸೂಜಿ ಹರಿವಾಣದ ಎಲೆಯ ಮೇಲೆ ಮಲಗಿತು. ರಾಜ ಅದನ್ನು ತಡವಿ ನೋಡಿ, ಅದರ ಕಾಲಿನ ಕಡೆಗೆ ತನ್ನ ತಲೆ ಹಾಕಿ ಗೊರಕೆ ಹೊಡೆದ. ಮಗಳು ಕೂಸನ್ನು ತೊಟ್ಟಿಲಿಗೆ ಹಾಕಿ, ಹದಿನೈದು ದಿನದ ಮೇಲೆ ಕಾಲು ಚಾಚಿದಳು.

ಕಾನೂನು ನಡೆಯಬೇಕಾದರೆ ಅದನ್ನು ಮುರಿಯುವವನೊಬ್ಬ ಊರಿನಲ್ಲಿ ಇರಲೇಬೇಕು ಎಂಬುದು ಈ ಕತೆಯ ನೀತಿ. ಅರಮನೆ ಇದನ್ನು ಒಪ್ಪಿದೆ. ಕೂಸು ಮಲಗಿದೆ, ಕೇಳಿದವರು ಸದ್ದು ಮಾಡದೆ ಎದ್ದು ಹೋಗಿ.