ಹಾಳುಗುಂಡಿ ತಿರುಗಿ ಕೊಟ್ಟದ್ದು

"ಬಿಳಿಗಲ್ಲು ಸೀಮೆಯ ಒಡೆಯ ಸಿಂಗರಸರ ಅಪ್ಪಣೆ, ಎಲ್ಲರೂ ಕೇಳಿರಪ್ಪಾ. ಅರಸರ ಮೂರು ಒಗಟುಗಳನ್ನು ಬಿಡಿಸಿದವನಿಗೆ ಮಗಳು ಮಾಚಲೆಯನ್ನೂ ಅರ್ಧ ರಾಜ್ಯವನ್ನೂ ಕೊಡಲಾಗುವುದು. ತಪ್ಪಿದವನನ್ನು ಹಾಳುಗುಂಡಿಗೆ ನೂಕಲಾಗುವುದು. ಯಾವ ಕಸುಬಿನವನು ಬಂದರೂ ಕೋಟೆಬಾಗಿಲಲ್ಲಿ ತಡೆಯತಕ್ಕದ್ದಲ್ಲ."

ಡಂಗುರದವನು ಕೆಳಪೇಟೆಯಲ್ಲಿ ಹೀಗೆ ಸಾರುತ್ತ ಹೋದಾಗ ನೀಲಿ ಬಣ್ಣ ಹಾಕುವ ಕಸುಬಿನ ಕೆಂಚ ನೀಲಿತೊಟ್ಟಿಯಲ್ಲಿ ನೂಲು ಅದ್ದುತ್ತಿದ್ದ. ಈ ಸಲ ಹೊಸದಾಗಿ ಸೇರಿದ್ದ ಕೊನೆಯ ಮಾತು ಕಿವಿಗೆ ಬಿದ್ದದ್ದೇ ಅವನ ಕೈ ನಿಂತಿತು. ತಂಗಿ ಹೊನ್ನಿ ವಾಂತಿಭೇದಿಯಿಂದ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಪೇಟೆಯಲ್ಲಿ ಅಂಥ ಮನೆಗಳು ಹದಿನೇಳು. ಎಲ್ಲರೂ ಕುಡಿಯುತ್ತಿದ್ದದ್ದು ಕೋಟೆಯ ಬುಡದ ಒರತೆಯ ನೀರು. ಅರಮನೆಗೂ ಅದೇ ನೀರು. ಆ ನೀರು ಕೆಟ್ಟಿದೆ ಎಂದು ಹೇಳಲು ಕೆಂಚ ಮೂರು ಸಲ ಕೋಟೆಬಾಗಿಲಿಗೆ ಹೋಗಿದ್ದ. ಮೂರು ಸಲವೂ ಕಾವಲಿನವರು ಬಡಿದು ಅಟ್ಟಿದ್ದರು.

"ನಿನಗ್ಯಾಕಪ್ಪ ಅರಸುಮಗಳ ಆಸೆ?" ಎಂದಳು ತಾಯಿ ನೀಲವ್ವ.

"ಅವಳಿಗಾಗಿ ಅಲ್ಲವ್ವ. ಆ ಬಾಗಿಲು ದಾಟೋಕೆ ನನಗೆ ಬೇರೆ ದಾರಿ ಇಲ್ಲ."

ನೀಲವ್ವ ಒಲೆ ಹೊತ್ತಿಸಿದಳು. ರೊಟ್ಟಿ ಕಟ್ಟಿಕೊಟ್ಟಳು.

ಅರಸನ ಓಲಗ ಸೇರುತ್ತಿದ್ದದ್ದು ಕೋಟೆಯೊಳಗಿನ ಬೆಟ್ಟದ ಮೇಲಿನ ಹಾಸುಬಂಡೆಯ ಮೇಲೆ. ಆ ಬೆಟ್ಟವೆಲ್ಲ ಸುಣ್ಣದ ಕಲ್ಲು. ಎಷ್ಟು ಮಳೆ ಹೊಯ್ದರೂ ಅಲ್ಲೊಂದು ಹಳ್ಳ ಹರಿಯದು. ನೀರು ಬಿರುಕುಗಳಲ್ಲಿ ಇಳಿದು ಕಾಣೆಯಾಗುವುದು. ಬಂಡೆಯ ನಡುವೆ ಹಾಳುಗುಂಡಿ ಬಾಯಿ ತೆರೆದುಕೊಂಡಿತ್ತು. ನಡುಹಗಲಲ್ಲೂ ಅದರಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅಪರಾಧಿಗಳನ್ನು ಅದಕ್ಕೆ ನೂಕುವ ಪದ್ಧತಿ ತಂದವನು ಸಿಂಗರಸನೇ. ಮಗಳು ಸೊರಗತೊಡಗಿದ ಮೇಲೆ, ಜಾಣ ಅಳಿಯ ಬಂದರೆ ಕಂಟಕ ಕಳೆಯುತ್ತದೆಂದು ಜೋಯಿಸರು ಹೇಳಿದ್ದರು. ಅಂದಿನಿಂದ ಒಗಟಿಗೆ ಸೋತವರೂ ಅದೇ ದಾರಿ ಹಿಡಿದಿದ್ದರು. ಆಗಲೇ ಒಂಬತ್ತು ಜನ. ಅರಸನ ಪಕ್ಕದಲ್ಲಿ ಮಾಚಲೆ ಬಿಸಿಲಲ್ಲೂ ಕಂಬಳಿ ಹೊದ್ದು ಕೂತಿದ್ದಳು. ದಾಸಿ ಘಳಿಗೆಗೊಮ್ಮೆ ಬೆಳ್ಳಿಯ ಗಿಂಡಿಯಿಂದ ನೀರು ಕುಡಿಸುತ್ತಿದ್ದಳು.

ಅಂದು ಮೊದಲು ಎದ್ದವನು ಒಬ್ಬ ಪಾಳೆಯಗಾರನ ಮಗ.

"ಅದಕ್ಕೆ ಹಲ್ಲಿಲ್ಲ, ಬೆಟ್ಟವನ್ನು ಒಳಗಿಂದೊಳಗೇ ತಿನ್ನುತ್ತದೆ. ತಿಂದದ್ದನ್ನು ಗವಿಯ ಸೂರಿನಿಂದ ಕಂಬವಾಗಿ ಇಳಿಬಿಡುತ್ತದೆ. ಏನದು?" ಎಂದ ಅರಸ.

"ಗೆದ್ದಲು," ಎಂದ ಅವನು ನಗುತ್ತ. ಭಟರು ತೋಳು ಹಿಡಿದಾಗಲೂ ಆ ನಗು ಪೂರ್ತಿ ಆರಿರಲಿಲ್ಲ.

ಎರಡನೆಯವನು ಪಂಡಿತ. ಮೊದಲನೆಯದನ್ನು ಅರಸನ ಕಿವಿಯಲ್ಲಿ ಹೇಳಿ ಗೆದ್ದ.

"ಕಲ್ಲಿನಿಂದ ಹುಟ್ಟಿದ್ದು. ಬೆಂಕಿಯಲ್ಲಿ ಮೂರು ದಿನ ಬೆಂದರೂ ಸುಮ್ಮನಿರುತ್ತದೆ. ಒಂದು ಚೊಂಬು ತಣ್ಣೀರು ಹೊಯ್ದರೆ ಕುದಿದೇಳುತ್ತದೆ. ಏನದು?"

ಪಂಡಿತ ಬಹಳ ಹೊತ್ತು ಯೋಚಿಸಿ, "ಕಬ್ಬಿಣ," ಎಂದ. ಅರಸ ಅಲ್ಲವೆಂದು ತಲೆಯಲ್ಲಾಡಿಸಿದ. ನೂಕಿದ ಮೇಲೆ ಎಷ್ಟೋ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ತೀರ ಆಳದಲ್ಲಿ ನೀರು ತುಳುಕಿದ ಸದ್ದಾಯಿತು. ಕೆಂಚ ಅದನ್ನು ಕಿವಿಗೊಟ್ಟು ಕೇಳಿದ.

ಅವನ ಸರದಿ ಬಂತು. ಮೊಣಕೈವರೆಗೆ ನೀಲಿಗಟ್ಟಿದ ಕೈ ನೋಡಿ ಸಭೆಯಲ್ಲಿ ಯಾರೋ ನಕ್ಕರು.

"ಬೆಟ್ಟ ತಿನ್ನೋದು ನೀರು, ಮಹಾಸ್ವಾಮಿ. ಕುದಿದೇಳೋದು ಸುಟ್ಟ ಸುಣ್ಣ. ನಮ್ಮ ನೀಲಿತೊಟ್ಟಿಗೆ ಅದನ್ನೇ ಹಾಕೋದು."

ನಗು ನಿಂತಿತು. ಅರಸ ಮುಂದಕ್ಕೆ ಬಾಗಿದ. "ಎಷ್ಟು ಕೊಟ್ಟರೂ ತುಂಬದ, ಕೊಟ್ಟದ್ದನ್ನು ಎಂದೂ ತಿರುಗಿ ಕೊಡದ ಬಾಯಿ ಯಾವುದು?"

ಕೇಳುವಾಗ ಅರಸನ ಕಣ್ಣು ಒಮ್ಮೆ ಗುಂಡಿಯತ್ತ ಹೊರಳಿತು. ಕೆಂಚ ಅದನ್ನು ಕಂಡ. ಒಂದೇ ಮಾತು ಹೇಳಿದರೆ ಜೀವ ಉಳಿಯುತ್ತಿತ್ತು.

"ತಾವು ಬಯಸಿದ ಉತ್ತರ ನನಗೆ ಗೊತ್ತು, ಈ ಹಾಳುಗುಂಡಿ. ಆದರೆ ಅದು ನಿಜವಲ್ಲ. ಅಂಥ ಬಾಯಿ ನಿಮ್ಮ ಸೀಮೆಯಲ್ಲಿ ಇಲ್ಲ. ಈ ಗುಂಡಿ ಕೊಟ್ಟದ್ದನ್ನೆಲ್ಲ ತಿರುಗಿ ಕೊಡುತ್ತೆ."

"ಯಾರಿಗೆ ಕೊಡುತ್ತದೆ?" ಅರಸನ ದನಿ ತಗ್ಗಿತ್ತು.

"ಹೇಳಿದರೆ ನಂಬೋದಿಲ್ಲ, ಬುದ್ಧಿ. ನಮ್ಮ ಮನೆಯ ನೀಲಿಯನ್ನೆಲ್ಲ ಇದಕ್ಕೆ ಸುರಿಸಿ. ಮೂರು ದಿನ ನನ್ನನ್ನು ಇಲ್ಲೇ ಕಟ್ಟಿಹಾಕಿ."

ಸುರಿದರು. ಕೆಂಚನನ್ನು ಗುಂಡಿಯ ಪಕ್ಕ ಗೂಟಕ್ಕೆ ಕಟ್ಟಿದರು. ಒಂದು ದಿನ ಕಳೆಯಿತು, ಏನೂ ಆಗಲಿಲ್ಲ. ಎರಡನೆಯ ದಿನವೂ ಹಾಗೇ. ಕೆಳಗಿನಿಂದ ಬರುವ ಗಾಳಿಯ ನಾತಕ್ಕೆ ಅವನಿಗೆ ರೊಟ್ಟಿ ಸೇರಲಿಲ್ಲ. ಹಿಂದೊಮ್ಮೆ ತನ್ನ ಅಪ್ಪ ಕಂಡು ಹೇಳಿದ್ದು ಸುಳ್ಳಾಗಿದ್ದರೆ ಎಂಬ ಹೆದರಿಕೆ ಹತ್ತಿತು.

ಮೂರನೆಯ ದಿನ ಹೊತ್ತು ನೆತ್ತಿಗೇರಿತು. ಅರಸ ಕೈ ಬೀಸಿದ. ಭಟರು ಹಗ್ಗ ಬಿಚ್ಚಿ ಕೆಂಚನನ್ನು ಅಂಚಿಗೆ ತಂದು ನಿಲ್ಲಿಸಿದರು. ಅಷ್ಟರಲ್ಲಿ ದಾಸಿ ಒರತೆಯಿಂದ ಆಗತಾನೇ ತಂದ ನೀರನ್ನು ಮಾಚಲೆಯ ಬೊಗಸೆಗೆ ಬಗ್ಗಿಸಿದಳು. ಮಾಚಲೆ ಕುಡಿಯಲಿಲ್ಲ.

"ಅಪ್ಪಾಜಿ, ಇಲ್ಲಿ ನೋಡಿ."

ಬೊಗಸೆಯ ನೀರು ನೀಲಿಯಾಗಿತ್ತು.

ಮಾಚಲೆ ಮೆಲ್ಲಗೆ ಕೇಳಿದಳು: "ನಾವು ಎಷ್ಟು ಜನರನ್ನು ಕುಡಿದಿದ್ದೇವೆ?"

ಕೆಂಚ ಆಗ ಬಿಡಿಸಿ ಹೇಳಿದ. ನೀರು ತಿಂದು ತಿಂದು ಈ ಕಲ್ಲು ಒಳಗೆಲ್ಲ ಪೊಳ್ಳಾಗಿದೆ. ಮಣ್ಣಿನ ನೆಲದಲ್ಲಿ ನೀರು ಸೋಸಿಕೊಂಡು ಇಳಿಯುತ್ತದೆ. ಇಲ್ಲಿ ಸೋಸುವುದಕ್ಕೆ ಮಣ್ಣಿಲ್ಲ, ಮೇಲೆ ಹಾಕಿದ್ದು ಹಾಗೇ ಕೆಳಗೆ ಬರುತ್ತದೆ. ಅವನ ಅಪ್ಪ ಹಿಂದೊಮ್ಮೆ ಹಳೆಯ ನೀಲಿಯನ್ನು ಬೆಟ್ಟದ ಬಿರುಕಿಗೆ ಚೆಲ್ಲಿದ್ದ. ಮೂರನೆಯ ದಿನ ಒರತೆಯಲ್ಲಿ ನೀರು ಕುಡಿದ ಕುರಿಗಳ ಮೂತಿಯೆಲ್ಲ ನೀಲಿಯಾಗಿತ್ತು.

ಸಿಂಗರಸ ಬಂಡೆಯ ಮೇಲೆ ಕುಸಿದು ಕೂತ. "ನೀನು ಗೆದ್ದೆ. ಏನು ಬೇಕೋ ತಗೋ," ಎಂದ.

ಕೆಂಚನಿಗೆ ಅರ್ಧ ರಾಜ್ಯ ಬಂತು. ಗುಂಡಿಯ ಸುತ್ತ ಗೋಡೆ ಎದ್ದಿತು. ಆಚೆ ಕಣಿವೆಯ ಬಾವಿಯಿಂದ ಪೇಟೆಗೂ ಅರಮನೆಗೂ ಎತ್ತಿನ ಮೇಲೆ ನೀರು ಬಂತು. ಆರು ತಿಂಗಳಲ್ಲಿ ಮಾಚಲೆ ಎದ್ದು ಓಡಾಡಿದಳು. ತಾನೇ ಒಪ್ಪಿ ಕೆಂಚನ ಕೈ ಹಿಡಿದಳು.

ಆದರೆ ಅದಕ್ಕೆಲ್ಲ ಮುಂಚೆ ಕೆಂಚ ಕೇಳಿದ್ದು ಒಂದೇ: ಸತ್ತವರನ್ನು ಮೇಲೆತ್ತಿಸಬೇಕು, ಅರಸನೇ ಅವರವರ ಮನೆಗೆ ತಲುಪಿಸಬೇಕು. ಬಾವಿ ತೋಡುವವರು ಹಗ್ಗ ಕಟ್ಟಿಕೊಂಡು ಇಳಿದು ಒಬ್ಬೊಬ್ಬರನ್ನೇ ತಂದರು.

ಪಂಡಿತನ ಮನೆಗೆ ಹೋದಾಗ ಕೆಂಚನೂ ಜೊತೆಗಿದ್ದ. ಮುದುಕಿ ತಾಯಿ ಬಾಗಿಲಿಗೆ ಬಂದಳು. ಬಟ್ಟೆಯಲ್ಲಿ ಸುತ್ತಿದ್ದ ಮಗನನ್ನು ನೋಡಿದಳು, ಅರಸನನ್ನು ನೋಡಿದಳು. ಒಳಗೆ ಹೋಗಿ, ಬಾಗಿಲಿಗೆ ಬಂದ ಯಾರಿಗಾದರೂ ಕೊಡುವಂತೆ ಒಂದು ಚೊಂಬು ನೀರು ತಂದು ಅರಸನ ಕೈಗಿಟ್ಟಳು.

ಸಿಂಗರಸ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಅವನಿಗೆ ಕುಡಿಯಲಾಗಲಿಲ್ಲ. ಕೆಳಗಿಡಲೂ ಆಗಲಿಲ್ಲ.