ಬೊಟ್ಟಮ್ಮನ ಕಿವಿ, ಮುಸುವಣ್ಣನ ಕೂಗು

“ಮುಳ್ಳಣ್ಣಾ, ದೊಡ್ಡಕೆರೆಗೆ ದಾರಿ ಯಾವುದು? ನಮ್ಮ ಹಿಂಡು ಯಾವ ಕಡೆ ಹೋಯಿತು?”

ಕಾಡಿನ ನಟ್ಟನಡುವೆ ದಾರಿ ತಪ್ಪಿ ನಿಂತಿದ್ದ ಬೊಟ್ಟಮ್ಮ ಎಂಬ ಜಿಂಕೆ ಮುಳ್ಳುಹಂದಿಯನ್ನು ಹೀಗೆ ಕೇಳಿದಳು.

“ಹಳ್ಳ ದಾಟು, ಅಷ್ಟೇ.”

“ಏನಂದೆ?”

“ಹಳ್ಳ ದಾಟು ಅಂದೆ!”

“ಜೋರಾಗಿ ಹೇಳಣ್ಣ, ಕಿವಿ ಕಟ್ಟಿದೆ. ಹಿಂಡು ಹೊರಟಾಗ ಕರೆದದ್ದೂ ಕೇಳಿಸಲಿಲ್ಲ.”

ಮುಳ್ಳುಹಂದಿ ಅವಳ ಕಿವಿಯೊಳಗೆ ಇಣುಕಿದ. “ಅಬ್ಬಬ್ಬಾ, ಎಷ್ಟು ಗುಗ್ಗೆ! ಜೇನುಹುಟ್ಟೇ ಕಟ್ಟಿದೆಯಲ್ಲ ತಾಯಿ! ತಗೋ, ನನ್ನದೊಂದು ಮುಳ್ಳು. ಒಳಗೆ ಹಾಕು, ತಿರುವು, ಮುಗಿಯಿತು!”

ಮಕ್ಕಳೇ, ನಾನು ಬಹಳ ಊರು ಸುತ್ತಿದವಳು. ದಾರಿ ಕೇಳಿದರೆ ಮದ್ದು ಹೇಳುವವರು ಎಲ್ಲ ಕಡೆಯೂ ಇದ್ದಾರೆ.

ಬೊಟ್ಟಮ್ಮನಿಗೋ ಹುಟ್ಟಾ ಆತುರ. ಮುಳ್ಳನ್ನು ಅತ್ತಿಮರದ ಬಿರುಕಿಗೆ ಸಿಕ್ಕಿಸಿ, ಕಿವಿಯೊಡ್ಡಿ ತಲೆ ತಿರುಗಿಸಿದಳು. ಮೊದಲು ಹಿತವಾಯಿತು. ಇನ್ನಷ್ಟು ಒತ್ತಿದಳು. ಗುಗ್ಗೆ ಹೊರಗೆ ಬರುವ ಬದಲು ಒಳಗೊಳಗೇ ಹೋಗಿ ಬಿರಡೆಯ ಹಾಗೆ ಕೂತಿತು. ಇನ್ನೊಂದು ಕಿವಿಗೂ ಅದೇ ಉಪಚಾರ. ಅಷ್ಟೇ! ಹಕ್ಕಿಯ ದನಿ ಇಲ್ಲ, ಗಾಳಿಯ ಸದ್ದಿಲ್ಲ. ಕಾಡೆಲ್ಲ ನೀರಿನಡಿ ಮುಳುಗಿದಂತಾಯಿತು. ಮುಳ್ಳಣ್ಣ ಮೆಲ್ಲಗೆ ಬಿಲ ಸೇರಿಕೊಂಡ.

ಆಗಲೇ ಮರದ ಮೇಲಿಂದ ಕರಿಮೂತಿಯ ಕೋತಿ ಮುಸುವ ಅರಚಿದ: “ಚಿರತೆ! ಚಿರತೆ! ಓಡೇ ಬೊಟ್ಟಮ್ಮಾ!”

ಬೊಟ್ಟಮ್ಮ ತಲೆ ಕೊಡವುತ್ತ ನಿಂತೇ ಇದ್ದಳು. ಪೊದೆಯಲ್ಲಿ ಚಿರತೆ ಮೈ ಕುಗ್ಗಿಸಿತು. ಮುಸುವ ಒಂದು ಅತ್ತಿಕಾಯಿ ಕಿತ್ತು ಎಸೆದ. ಪಟ್! ಸರಿಯಾಗಿ ನೆತ್ತಿಗೇ ಬಿತ್ತು. ಬೆಚ್ಚಿದ ಬೊಟ್ಟಮ್ಮ ಚಂಗನೆ ಹಾರಿದಳು. ಚಿರತೆಯ ಪಂಜಕ್ಕೆ ಸಿಕ್ಕಿದ್ದು ಬಾಲದ ಮೂರು ಕೂದಲು ಮಾತ್ರ!

ಆ ಕಾಡಿನಲ್ಲೊಂದು ಕಟ್ಟಳೆ ಇತ್ತು. ಮರದ ಮೇಲಿನವರು ಕೂಗಿ ಜೀವ ಉಳಿಸಿದರೆ, ನೆಲದವರೂ ಒಂದು ದಿನ ಕೂಗಿ ಅವರ ಜೀವ ಉಳಿಸಬೇಕು. ಚಿರತೆ ಅತ್ತ ಹೋದ ಮೇಲೆ ಮುಸುವ ಕೆಳಗಿಳಿದು ಬೊಟ್ಟಮ್ಮನ ಮುಂದೆ ಒಂದು ಬೆರಳು ಎತ್ತಿದ. ಅಂದರೆ, ಒಂದು ಕೂಗು ಬಾಕಿ.

“ಚಿರತೆಯ ಹೆಜ್ಜೆ ಕೇಳಿಸದವಳು ನಿನ್ನ ಸಾಲ ಹೇಗಣ್ಣ ತೀರಿಸಲಿ?” ಬೊಟ್ಟಮ್ಮ ಗೊಳೋ ಎಂದಳು.

ಮುಸುವ ಅವಳನ್ನು ಗೊರವಂಕಕ್ಕನ ಬಳಿಗೆ ಕರೆದೊಯ್ದ. ಎಮ್ಮೆಗಳ ಬೆನ್ನೇರಿ ಅವುಗಳ ಕಿವಿ ನೋಡುತ್ತಲೇ ಮುದುಕಿಯಾದ ಹಕ್ಕಿ ಅವಳು. ಬೊಟ್ಟಮ್ಮನ ಕಿವಿಯ ಅಂಚಿನಲ್ಲೇ ಕೂತು ಕಿರುಚಿದಳು:

“ನೋವಿದೆಯಾ? ಕೀವು, ರಕ್ತ ಏನಾದರೂ?”

“ಇಲ್ಲಕ್ಕ.”

“ನಿನ್ನ ಪುಣ್ಯ! ಇದ್ದಿದ್ದರೆ ಕಿವಿಗೆ ಒಂದು ಹನಿ ಎಣ್ಣೆಯನ್ನೂ ಹಾಕದೆ ದೊಡ್ಡ ವೈದ್ಯರ ಬಳಿ ಕಳಿಸುತ್ತಿದ್ದೆ. ಗುಗ್ಗೆ ಅಂದರೆ ಕಸ ಅಲ್ಲ ಕಣೇ, ಕಿವಿಯ ಕಾವಲುಗಾರ. ದೂಳು ಹಿಡಿದುಕೊಂಡು ತಾನಾಗಿಯೇ ಹೊರಗೆ ಬರುತ್ತಾನೆ. ನೀನು ಅವನನ್ನೇ ಒಳಗೆ ದಬ್ಬಿ ಬಾಗಿಲು ಜಡಿದಿದ್ದೀಯ!”

“ಹಾಗಾದರೆ ಕೊಕ್ಕು ಹಾಕಿ ಈಗಲೇ ಕಿತ್ತುಬಿಡು!”

“ಮುಳ್ಳಾಯಿತು, ಇನ್ನು ಕೊಕ್ಕೊಂದು ಬಾಕಿ! ಸುಮ್ಮನೆ ಮಲಗು.”

ಬಿಸಿಲಲ್ಲಿಟ್ಟು ಉಗುರುಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆಯನ್ನು ಅಕ್ಕ ಒಂದೊಂದು ಕಿವಿಗೂ ಎರಡೆರಡು ಹನಿ ಬಿಟ್ಟಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮೂರು ದಿನ. ಬೊಟ್ಟಮ್ಮನ ಕಾಲುಗಳು ಓಡಲು ತುಡಿಯುತ್ತಿದ್ದವು. ಅವಳು ಎದ್ದಾಗಲೆಲ್ಲ ಮುಸುವ ಮೇಲಿಂದ ಅತ್ತಿಕಾಯಿ ತೋರಿಸುತ್ತಿದ್ದ. ಮತ್ತೆ ಮಲಗುತ್ತಿದ್ದಳು.

ನಾಲ್ಕನೆಯ ಬೆಳಿಗ್ಗೆ ತಲೆ ವಾಲಿಸಿದಳು. ಮೆತ್ತಗಾದ ಗುಗ್ಗೆ ತಾನಾಗಿಯೇ ಜಾರಿ ಬಂತು. ಒಂದು ಕಿವಿಯಿಂದ, ಆಮೇಲೆ ಇನ್ನೊಂದರಿಂದ!

“ಅಯ್ಯೋ, ಕಾಡಿಗೆ ಇಷ್ಟೊಂದು ಬಾಯಿಯಾ!” ಬೊಟ್ಟಮ್ಮ ಕುಣಿದಾಡಿದಳು. ಎಲೆ ಬಿದ್ದದ್ದು ಕೇಳಿಸಿತು! ಜೀರುಂಡೆ ಕೇಳಿಸಿತು! ಹಳ್ಳದಾಚೆ ಕರೆಯುತ್ತಿದ್ದ ಹಿಂಡೂ ಕೇಳಿಸಿತು! ಓಡಲೆಂದು ಕಾಲೆತ್ತಿದಳು.

ಚರ್... ಒಣ ಎಲೆಯ ಮೇಲೆ ಮೆತ್ತನೆಯ ಹೆಜ್ಜೆ.

ಹಳ್ಳದ ಬಳಿ ಮುಸುವಣ್ಣ ಬೆನ್ನು ತಿರುಗಿಸಿ ನೀರು ಕುಡಿಯುತ್ತಿದ್ದ. ಅವನ ಹಿಂದಿನ ಪೊದೆಯಿಂದ ಸದ್ದು ಬಂದಿತ್ತು. ಬೊಟ್ಟಮ್ಮ ಹಿಂಡನ್ನು ಮರೆತು, ಕತ್ತೆತ್ತಿ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು:

“ಚಿರತೆ! ಮರ ಹತ್ತೋ ಮುಸುವಣ್ಣಾ!”

ಒಂದೇ ನೆಗೆತಕ್ಕೆ ಮುಸುವ ಕೊಂಬೆ ಸೇರಿದ. ಚಿರತೆ ಹಲ್ಲು ಕಡಿಯುತ್ತ ಹಿಂದಿರುಗಿತು. ಮುಸುವ ಏದುಸಿರು ಬಿಡುತ್ತ ಬೊಟ್ಟಮ್ಮನ ಕಡೆ ನೋಡಿ ಅದೇ ಬೆರಳನ್ನು ಮೇಲೆತ್ತಿದ. ಮೆಲ್ಲಗೆ ಮಡಚಿದ.

ನೀತಿ: ಆತುರ ಒಳಗೆ ದಬ್ಬಿದ್ದನ್ನು ತಾಳ್ಮೆಯೇ ಹೊರಗೆ ತರಬೇಕು, ಕಿವಿಗೆ ಕಡ್ಡಿ ಹಾಕಬೇಡಿ, ತಿಳಿದವರಿಗೆ ತೋರಿಸಿ.